ಜನವರಿ 26ರ ಬೆಳಿಗ್ಗೆ ಕಾರವಾರದಲ್ಲಿ ಗೋಡೆ ಚಿತ್ರ ನೋಡುತ್ತಾ ಓಡೋಣ ಅಂತಿದ್ದೇವೆ, ದಾರಿ ಹೇಳಿ

ಕೋಡಿಬಾಗ ಓಟ:

ಎಲ್ಲರಿಗೂ ನಮಸ್ಕಾರ. ನಾವು ಹತ್ತು ಹನ್ನೆರಡು ಜನ ಭಾನುವಾರ ಬೆಳಿಗ್ಗೆ ಬೀಚ್ ಮೇಲೆ ಒಟ್ಟಿಗೆ ಓಡುತ್ತೇವೆ. ಗಣರಾಜ್ಯೋತ್ಸವದ ರಜೆಗೆ ಮರಳು ಬಿಟ್ಟು ಊರೊಳಗೆ ಓಡೋಣ, ಗೋಡೆ ಮೇಲಿನ ಚಿತ್ರಗಳನ್ನೆಲ್ಲ ನೋಡಿಕೊಂಡು ಬರೋಣ ಅಂತ ಮಾತಾಗಿದೆ. ನಮ್ಮಲ್ಲಿ ಇಬ್ಬರು ಪಣಜಿಯಲ್ಲಿ ಹೀಗೇ ಓಡಿ ಬಂದವರು, ಅವರಿಗೆ ಅದೇ ಹುಚ್ಚು ಹಿಡಿದಿದೆ. ಅಲ್ಲಿ ಮಾರ್ಕೆಟ್ ಗೋಡೆ ಮೇಲೆ ಮಾರಿಯೋ ಮಿರಾಂಡ ಅವರ ಕಾರ್ಟೂನುಗಳು, ಫೌಂಟೇನ್ಹಾಸ್ ಓಣಿಯ ಬಣ್ಣದ ಮನೆಗಳು, ಎಲ್ಲ ಹತ್ತಿರ ಹತ್ತಿರ ಸಿಗುತ್ತವೆ. ನಮ್ಮೂರಲ್ಲಿ ಹಾಗಿಲ್ಲ. ಒಂದು ಶಾಲೆಯ ಕಾಂಪೌಂಡು ಇಲ್ಲಿ, ಇನ್ನೊಂದು ಆಫೀಸಿನ ಗೋಡೆ ಅಲ್ಲೆಲ್ಲೋ. ಯಾವ ದಾರಿ ಹಿಡಿಯಬೇಕು, ಎಷ್ಟು ಗಂಟೆಗೆ ಹೊರಡಬೇಕು, ನಿಂತು ನಿಂತು ಓಡಿದರೆ ಮೈ ತಣ್ಣಗಾಗಿ ಕಾಲು ಹಿಡಿಯುತ್ತಾ ಅನ್ನುವುದು ನನ್ನ ಪ್ರಶ್ನೆ. ಗುಂಪಿನಲ್ಲಿ ಒಬ್ಬರು ಅಕ್ಕೋರು (ಶಾಲೆ ಟೀಚರ್) ಇದ್ದಾರೆ, ಅವರು ಎಂಟೂವರೆಗೆ ಶಾಲೆಯ ಧ್ವಜಾರೋಹಣಕ್ಕೆ ಹೋಗಲೇಬೇಕು.

ಬೈತಖೋಲದವ:

ಒಳ್ಳೆ ಯೋಚನೆ. ಮೊದಲು ಹೊತ್ತಿನ ಮಾತು ಹೇಳುತ್ತೇನೆ. ಓಟ ಅಂದ ಕೂಡಲೇ ಎಲ್ಲರೂ ಐದೂವರೆ ಅಂತಾರೆ. ಜನವರಿ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ಹೊತ್ತಿಗೆ, ಮೇಲಾಗಿ ಪೂರ್ವಕ್ಕೆ ಗುಡ್ಡ, ಬಿಸಿಲು ಊರಿಗೆ ಇಳಿಯುವುದು ಇನ್ನೂ ತಡ. ಕತ್ತಲಲ್ಲಿ ಓಡಿ ಏನು ಚಿತ್ರ ನೋಡುತ್ತೀರಿ? ಆರೂ ಮುಕ್ಕಾಲಿಗೆ ಹೊರಡಿ. ಮೊದಲ ಹದಿನೈದು ನಿಮಿಷ ಸುಮ್ನೆ ಮೈ ಬಿಸಿ ಮಾಡಿಕೊಳ್ಳುತ್ತಾ ಓಡಿ, ಅಷ್ಟೊತ್ತಿಗೆ ಬೆಳಕಾಗಿರುತ್ತದೆ. ಎಂಟರೊಳಗೆ ಮುಗಿಯುತ್ತದೆ, ಅಕ್ಕೋರಿಗೂ ತೊಂದರೆ ಇಲ್ಲ.

ದಾರಿ ಕೋಡಿಬಾಗದಿಂದ ಶುರುವಾಗಲಿ. ಕಾಳಿ ಸೇತುವೆ ಮೇಲೆ ಮಾತ್ರ ಹತ್ತಬೇಡಿ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ನದಿಗೆ ಬಿದ್ದಿತಲ್ಲ, ಆಮೇಲೆ ಎರಡೂ ಕಡೆಯ ವಾಹನ ಉಳಿದ ಸೇತುವೆಗೇ ಬಂತು, ಓಡುವವರಿಗೆ ಅದು ಜಾಗವಲ್ಲ. ಅಲ್ಲಿಂದ ಊರೊಳಗಿನ ರಸ್ತೆ ಹಿಡಿದು ಶಾಲೆ, ಆಫೀಸುಗಳ ಕಾಂಪೌಂಡು ನೋಡುತ್ತಾ ಗ್ರೀನ್ ಸ್ಟ್ರೀಟ್ ಕಡೆ ಬನ್ನಿ. ಆಮೇಲೆ ಹೈವೇ ದಾಟಿ ಟಾಗೋರ್ ಬೀಚಿಗೆ. ಅಲ್ಲಿ ಯುದ್ಧನೌಕೆ ಚಪಲ್ ಇದೆ, ಪಕ್ಕದಲ್ಲಿ ಟುಪೊಲೆವ್ ವಿಮಾನ, ರಾಕ್ ಗಾರ್ಡನ್‌ನಲ್ಲಿ ಹಾಲಕ್ಕಿ, ಸಿದ್ದಿ ಮತ್ತು ಬೇರೆ ಬುಡಕಟ್ಟಿನವರ ಬದುಕಿನ ಮೂರ್ತಿಗಳು. ಅವು ಗೋಡೆ ಚಿತ್ರ ಅಲ್ಲ ಅಂತ ಬಿಡಬೇಡಿ.

ಚಪಲ್ ಹತ್ತಿರ ಮೇಜರ್ ರಾಮ ರಾಘೋಬ ರಾಣೆ ಅವರ ಪುತ್ಥಳಿ ಇದೆ, ಅಲ್ಲಿ ಎರಡು ನಿಮಿಷ ಜಾಸ್ತಿ ನಿಲ್ಲಿ. ನಮ್ಮ ಚೆಂಡಿಯಾದವರು. 1948ರಲ್ಲಿ ರಜೌರಿ ದಾರಿಯಲ್ಲಿ ಗಾಯ ಆದರೂ ಬಿಡದೆ ನೆಲಬಾಂಬು ತೆಗೆಸಿ, ಅಡ್ಡ ಬಿದ್ದ ಮರ ಸರಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಪರಮವೀರ ಚಕ್ರ ಪಡೆದವರ ಪುತ್ಥಳಿ ಊರಲ್ಲೇ ಇರುವಾಗ ಜನವರಿ 26ರಂದು ಅಲ್ಲಿ ನಿಲ್ಲದೆ ಮುಂದೆ ಹೋಗುವುದು ಸರಿಯಲ್ಲ.

ಆಮೇಲೆ ದಕ್ಷಿಣಕ್ಕೆ ಬೈತಖೋಲದ ಮೀನುಗಾರಿಕೆ ಬಂದರು. ನನ್ನ ಪ್ರಕಾರ ಈ ಓಟದ ಮುಖ್ಯ ಜಾಗ ಇದೇ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದೆ. ಬಲೆ ರಿಪೇರಿ, ಬೋಟಿಗೆ ಬಣ್ಣ, ಎಲ್ಲ ಆಗುವುದು ಆ ಹೊತ್ತಿನಲ್ಲೇ. ಬೋಟಿನ ಮೂತಿ ಮೇಲೆ ಹೂವು, ನಕ್ಷತ್ರ, ಮೀನು, ದೇವರ ಹೆಸರು. ದುರ್ಗೆ, ಏಸು, ಬಿಸ್ಮಿಲ್ಲಾ ಎಲ್ಲ ಒಂದರ ಪಕ್ಕ ಒಂದು ಕಟ್ಟಿರುತ್ತವೆ. ಕೈಯಲ್ಲಿ ಬರೆದ ಅಕ್ಷರ ಎಷ್ಟು ಚೆಂದ ಇರುತ್ತದೆ ಅಂದರೆ, ಈಗಿನ ಫ್ಲೆಕ್ಸ್ ಬೋರ್ಡುಗಳ ನಡುವೆ ಅದನ್ನು ನೋಡಲಿಕ್ಕೇ ಒಂದು ದಿನ ಹೋಗಬೇಕು. ಬೀದಿ ಕಲೆ ಅಂದರೆ ಪಣಜಿ, ಬೆಂಗಳೂರಿನ ದೊಡ್ಡ ಗೋಡೆ ಮಾತ್ರ ಅಂದುಕೊಂಡರೆ ಕಾರವಾರದ್ದು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಚಿತ್ರಗಳು ನೀರಿನ ಮೇಲೆ ತೇಲುತ್ತವೆ.

ಅಲ್ಲೇ ತಿರುಗಿ ಬನ್ನಿ. ಒಟ್ಟು ದೂರ ಬೇಕಾದಷ್ಟಾಯಿತು. ಮುಂದೆ ಅರಗಾ ಕಡೆ ನೌಕಾನೆಲೆ, ಅಲ್ಲಿ ಫೋನ್ ಹೊರಗೇ ತೆಗೆಯಬಾರದು.

ನಿಧಾನ ಕಾಲು:

ದಾರಿ ಬೈತಖೋಲದವರು ಹೇಳಿದ್ದಾರೆ, ನಾನು ಓಟದ್ದು ಹೇಳುತ್ತೇನೆ. ಗುಂಪು ಓಟ ನಡೆಸಿ ಗೊತ್ತು, ಅದಕ್ಕೇ ಬರೀತಿದ್ದೇನೆ. ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ, ಒಬ್ಬರಿಗೆ ಉಸಿರು ಕಟ್ಟಿದರೂ ಅದು ಜಾಸ್ತಿ ಆಯ್ತು ಅಂತ. ಒಂದೊಂದು ಕಡೆ ಎರಡು ಮೂರು ನಿಮಿಷ ನಿಂತರೆ ಕಾಲು ಹಿಡಿಯುವುದಿಲ್ಲ, ಹತ್ತು ನಿಮಿಷ ನಿಂತರೆ ಹಿಡಿಯುತ್ತದೆ. ಅದಕ್ಕೆ ಎಲ್ಲ ಗೋಡೆಗೂ ನಿಲ್ಲಬೇಡಿ, ಏಳೆಂಟು ಜಾಗ ಮೊದಲೇ ಆರಿಸಿಕೊಳ್ಳಿ. ಮುಂದೆ ದಾರಿ ಗೊತ್ತಿದ್ದವರು ಒಬ್ಬರು, ಎಲ್ಲರಿಗಿಂತ ಹಿಂದೆ ಒಬ್ಬರು ಇರಲೇಬೇಕು, ಹಿಂದಿನವರು ಬರುವ ತನಕ ಮುಂದಿನವರು ಚಿತ್ರ ನೋಡುತ್ತಾ ಕಾಯಲಿ. ಇದರ ಚೆಂದವೇ ಅದು, ಜೋರಾಗಿ ಓಡುವವರಿಗೆ ಕಾಯುವುದು ಬೇಜಾರಾಗುವುದಿಲ್ಲ. ಇಯರ್‌ಫೋನ್ ಬೇಡ. ವಾಹನಕ್ಕೆ ಎದುರಾಗಿ, ರಸ್ತೆಯ ಬಲಕ್ಕೆ ಓಡಿ. ಹೈವೇಯನ್ನು ಎಲ್ಲರೂ ಒಟ್ಟಿಗೇ ದಾಟಿ.

ನಡೆದೇ ನೋಡಬಹುದಲ್ವಾ ಅಂತ ಯಾರಾದರೂ ಕೇಳಬಹುದು. ಪಣಜಿಯಲ್ಲಾದರೆ ನಡೆಯಿರಿ. ಇಲ್ಲಿ ಒಂದು ಗೋಡೆಗೂ ಇನ್ನೊಂದಕ್ಕೂ ಇಷ್ಟು ದೂರ ಇರುವಾಗ ಓಟವೇ ಸರಿ.

ಚಿತ್ರಕಲಾ ಮಾಸ್ತರು:

ಶಾಲೆಯ ಗೋಡೆಗಳಿಗೆ ಮಕ್ಕಳ ಜೊತೆ ಚಿತ್ರ ಬರೆದವನು ನಾನು. ನೀವು ಜನವರಿ ಆರಿಸಿದ್ದು ಒಳ್ಳೆಯದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಸುತ್ತಮುತ್ತ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಚಿರೆಕಲ್ಲಿನ ಕಾಂಪೌಂಡು ನೀರು ಕುಡಿದು ಕೂರುತ್ತದೆ, ಒಳಗಿನಿಂದ ಬಣ್ಣ ಉಬ್ಬಿ ಸಿಪ್ಪೆಯ ಹಾಗೆ ಏಳುತ್ತದೆ, ಕೆಳಗಿನಿಂದ ಪಾಚಿ ಹತ್ತುತ್ತದೆ, ಸಮುದ್ರದ ಉಪ್ಪು ಬೇರೆ. ಅದಕ್ಕೆ ಇಲ್ಲಿ ಬಣ್ಣದ ಕೆಲಸ ದೀಪಾವಳಿ ಹೊತ್ತಿನಿಂದ ಬೇಸಿಗೆ ತನಕ ಮಾತ್ರ. ಈಗ ಹೊಸ ಚಿತ್ರ, ಮಳೆ ತಿಂದ ಚಿತ್ರ ಎರಡೂ ಕಾಣುತ್ತವೆ. ಹಳೆಯದನ್ನೂ ನೋಡಿ. ಗಾಢ ಗುಲಾಬಿ, ಹಳದಿ ಮೊದಲು ಬಿಸಿಲಿಗೆ ಹೋಗುತ್ತವೆ. ರೆಡ್ ಆಕ್ಸೈಡ್ ಮಾತ್ರ ಕೂತೇ ಇರುತ್ತದೆ, ಅದು ಕಬ್ಬಿಣದ ಕೆಂಪು.

ಒಂದು ಕೇಳಿಕೊಳ್ಳುತ್ತೇನೆ. ಫೋಟೋ ಹಾಕುವಾಗ ಬರೆದವರು ಯಾರು ಅಂತ ಅಲ್ಲಿನವರನ್ನು ಕೇಳಿ. ನಮ್ಮ ಗೋಡೆಗಳಲ್ಲಿ ಬಣ್ಣ ಕೊಟ್ಟವರ ಹೆಸರು ದೊಡ್ಡದಾಗಿ ಇರುತ್ತದೆ, ಬರೆದ ಪೇಂಟರಿನದ್ದು ಮೂಲೆಯಲ್ಲೂ ಇರುವುದಿಲ್ಲ. ನನಗೆ ಇದು ತುಂಬ ನೋವಿನ ವಿಷಯ. ಅವರು ಒಪ್ಪಿದರೆ ಅವರ ಹೆಸರು ಹಾಕಿ, ಕೆಲಸವೂ ಸಿಗಬಹುದು.

ಘಟ್ಟದ ಮೇಲಿನವಳು:

ಮಾಸ್ತರು ಹೇಳಿದ ಆ ಕೆಂಪೇ ನಮ್ಮ ಜಿಲ್ಲೆಯ ಹಳೆಯ ಗೋಡೆ ಚಿತ್ರದ ಬಣ್ಣ, ಕಾವಿ ಕಲೆಯದ್ದು. ಗೋಡೆಗೆ ಸುಣ್ಣದ ಗಾರೆ ಹಚ್ಚಿ, ಅದು ಹಸಿ ಇರುವಾಗಲೇ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಉಕ್ಕಿನ ಮೊನೆಯಿಂದ ಕೆರೆದು ಕೆರೆದು ಒಳಗಿನ ಬಿಳಿ ಕಾಣಿಸುತ್ತಾರೆ. ಬಣ್ಣ ಗೋಡೆಯ ಒಳಗೇ ಸೇರಿ ಗಟ್ಟಿಯಾಗುವುದರಿಂದ ಅದು ಸಿಪ್ಪೆ ಏಳುವುದಿಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳು ಹೆಸರುವಾಸಿ, ಗೋವಾ ತನಕ ಕರಾವಳಿಯ ಹಳೆ ಗುಡಿ, ಮನೆಗಳಲ್ಲೂ ಈ ಕೆಲಸ ಇತ್ತು. ಹಳೆ ಗೋಡೆ ಕೆಡವಿ ಹೊಸದು ಕಟ್ಟಿದಾಗ ಎಷ್ಟೋ ಹೋಗಿಬಿಟ್ಟಿತು. ಮಳೆ ತಿನ್ನಲಾಗದ್ದನ್ನು ನಾವೇ ಅಳಿಸಿದೆವು.

ಮುಂದಿನ ರಜೆಗೆ ಘಟ್ಟ ಹತ್ತಿ ಶಿರಸಿಗೆ ಬನ್ನಿ. ದೇವಿಕೆರೆಯಿಂದ ಮಾರಿಗುಡಿ, ಬಿಡ್ಕಿಬೈಲು, ಕೋಟೆಕೆರೆ ಸುತ್ತಿ ಓಡಿಸುತ್ತೇವೆ. ನಮ್ಮಲ್ಲಿ ಏರು ಇಳಿವು ಜಾಸ್ತಿ, ನಿಮ್ಮ ಬೀಚಿನ ಕಾಲಿಗೆ ಕೆಲಸ ಸಿಗುತ್ತದೆ. ಸಿದ್ದಾಪುರದ ಕಡೆ ದೀವರ ಸಮುದಾಯದವರ ಮನೆಗಳ ಹಸೆ ಚಿತ್ತಾರವನ್ನೂ ನೋಡಬೇಕು. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಹೆಂಗಸರು ಎಳೆಯುವ ಆ ಗೆರೆ ಕೂದಲಿನಷ್ಟೂ ಅಲುಗುವುದಿಲ್ಲ. ಆದರೆ ಅದು ಮನೆಯ ಗೋಡೆ, ಕೇಳಿಕೊಂಡು ಒಳಗೆ ಹೋಗಬೇಕು. ಓಡುತ್ತಾ ನೋಡುವಂಥದ್ದಲ್ಲ.

ಕೋಡಿಬಾಗ ಓಟ:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಾಗಾದರೆ ಆರೂ ಮುಕ್ಕಾಲಿಗೆ ಕೋಡಿಬಾಗ, ರಾಣೆಯವರ ಪುತ್ಥಳಿ ಹತ್ತಿರ ನಿಂತು ಬೈತಖೋಲ, ಅಲ್ಲಿಗೇ ಮುಗಿಸುವುದು. ತಿರುಗಿ ಬರಲು ಆಟೋ, ಆಮೇಲೆ ಬನ್ಸ್ ಭಾಜಿ. ಮಾಸ್ತರೇ, ನೀವು ಓಡಬೇಕಂತಿಲ್ಲ, ನಿಮ್ಮ ಮಕ್ಕಳು ಬರೆದ ಗೋಡೆ ಹತ್ತಿರ ಬಂದು ನಿಲ್ಲುತ್ತೀರಾ? ಅದು ನಮ್ಮ ಮೊದಲ ನಿಲ್ದಾಣ ಆಗಲಿ. ಅಕ್ಕೋರು ಶಾಲೆ ಮಕ್ಕಳಲ್ಲಿ ಇಬ್ಬರನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ, ದೊಡ್ಡವರು ಜೊತೆಗಿರುತ್ತೇವೆ.

ಚಿತ್ರಕಲಾ ಮಾಸ್ತರು:

ಬರುತ್ತೇನೆ. ಹಳೆ ಹುಡುಗರಿಗೂ ಹೇಳುತ್ತೇನೆ, ಬರೆದವರೇ ಬಂದು ತೋರಿಸಲಿ.

ಬೈತಖೋಲದವ:

ಜೆಟ್ಟಿ ಮೇಲೆ ಮಾತ್ರ ಓಡಬೇಡಿ, ನಡೆಯಿರಿ. ಮೀನಿನ ನೀರು, ಮಂಜುಗಡ್ಡೆ ನೀರು ಸೇರಿ ಜಾರುತ್ತದೆ, ಹಗ್ಗಗಳೂ ಬಿದ್ದಿರುತ್ತವೆ. ಬುಟ್ಟಿ ಹೊತ್ತವರಿಗೆ ದಾರಿ ಬಿಡಿ. ಬೋಟಿನ ಫೋಟೋ ತೆಗೆಯುವ ಮೊದಲು ಬೋಟಿನವರನ್ನು ಒಂದು ಮಾತು ಕೇಳಿ, ಖುಷಿಯಿಂದ ಹೂಂ ಅಂತಾರೆ.