ಸಹಾಯ ಬೇಕು: ಹಳೆಯ ಕ್ಯಾಮ್ರಿ ಹೈಬ್ರಿಡ್ ತಗೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಕಾಪುವಿನವನು. ದಿನಾ ಮಂಗಳೂರಿಗೆ ಹೋಗಿ ಬರಬೇಕು. ಕೊಟ್ಟಾರ, ನಂತೂರು ಟ್ರಾಫಿಕ್ ಬ್ಲಾಕ್‌ನಲ್ಲಿ ಪೆಟ್ರೋಲ್ ಸುಮ್ನೆ ಸುಡುತ್ತದೆ. ಮಣಿಪಾಲದಲ್ಲಿ 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರುವ ಕಾರು) ಒಂದು ಮಾರಾಟಕ್ಕೆ ಉಂಟು. ಓಡಿದ್ದು 1.1 ಲಕ್ಷ ಕಿ.ಮೀ.

ಗೇರ್‌ಬಾಕ್ಸ್ ಬಗ್ಗೆ ಹೆದರಿಕೆ ಇಲ್ಲ. ಅದರಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಕೂಡ ಬೇಗ ಸವೆಯುವುದಿಲ್ಲ. ತಲೆಬಿಸಿ ಇರುವುದು ಹಿಂದಿನ ಸೀಟಿನ ಹಿಂದಿರುವ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯದ್ದು. ಅದನ್ನು ತಣ್ಣಗಿಡುವ ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನೋಡಲು ಹೋದಾಗ ಆ ಗಾಳಿ ಒಳಹೋಗುವ ಜಾಲರಿಯಲ್ಲಿ ಬೆರಳಾಡಿಸಿದೆ. ನಾಯಿಕೂದಲು, ಧೂಳು ಎಲ್ಲ ಮುದ್ದೆಯಾಗಿ ಬಂತು. "ಅದಕ್ಕೆಲ್ಲ ಏನೂ ಆಗುದಿಲ್ಲ ಮಾರಾಯ್ರೆ" ಎಂದರು ಓನರು. ಗಾಳಿ ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಬೇಗ ಹಾಳಾಗುತ್ತದೆ, ಅಲ್ವಾ?

ನಮ್ಮ ಕಡೆ ಯಾರಾದರೂ ಪೂರ್ತಿ ಬ್ಯಾಟರಿ ಬದಲಾಯಿಸಿದ್ದೀರಾ? ಬಿಲ್ ಎಷ್ಟಾಯಿತು? ಕೆಟ್ಟ ಮಾಡ್ಯೂಲ್ (ಬ್ಯಾಟರಿಯೊಳಗಿನ ಚಿಕ್ಕ ಘಟಕ) ಮಾತ್ರ ಬದಲಿಸಿದರೆ ಸಾಕು ಎನ್ನುತ್ತಾರೆ ಒಬ್ಬ ಮೆಕ್ಯಾನಿಕ್. ಹಳೆಯದರ ನಡುವೆ ಹೊಸದು ಒಂದು ಸೇರಿಸಿದರೆ ಎಷ್ಟು ದಿನ ಬಂದೀತು? ನನಗಂತೂ ಅನುಮಾನ. ಸ್ಕ್ಯಾನರ್ ಹಾಕಿ ಬ್ಯಾಟರಿಯ ಒಂದೊಂದು ಬ್ಲಾಕಿನ (ಮಾಡ್ಯೂಲ್ ಗುಂಪಿನ) ವೋಲ್ಟೇಜ್ ನೋಡಿ ಹೇಳುವವರು ಉಡುಪಿ ಕಡೆ ಇದ್ದರೆ ದಯವಿಟ್ಟು ತಿಳಿಸಿ. ನಮ್ಮ ಉಪ್ಪುಗಾಳಿಗೆ ಬ್ಯಾಟರಿ ಒಳಗಿನ ತಾಮ್ರದ ಪಟ್ಟಿ, ಕನೆಕ್ಟರ್‌ಗೆ ತುಕ್ಕು ಹಿಡಿದದ್ದು ಯಾರಾದರೂ ಕಂಡಿದ್ದೀರಾ? ಬ್ರೇಕ್ ಆಕ್ಚುಯೇಟರ್ (ಬ್ರೇಕಿನ ಒತ್ತಡ ನಿಯಂತ್ರಿಸುವ ಭಾಗ) ಕೆಟ್ಟರೆ ಆಗುವ ಖರ್ಚನ್ನೂ ಹೇಳಿ.

ಟೊಯೊಟಾದ್ದೇ ಹೊಸ ಹೈರೈಡರ್ ಹೈಬ್ರಿಡ್ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಉಂಟು, ಗೊತ್ತು. ಆದರೆ ದುಡ್ಡು ಬೇಕಲ್ಲ! "ಡೀಸೆಲ್ ತಗೊಳ್ಳಿ" ಎಂಬ ಸಲಹೆ ಮಾತ್ರ ಬೇಡ, ಮನೆಯಲ್ಲಿ ಕೇಳಿ ಕೇಳಿ ಸಾಕಾಗಿದೆ. ಭಾನುವಾರದೊಳಗೆ ಓನರಿಗೆ ಉತ್ತರ ಕೊಡಬೇಕು.