ಬಿಸಿಜಿ ಟೈಟರ್ ತಕರಾರು: ನಮ್ಮ ವೆಟ್ ಬ್ಯಾಚ್ ಗುಂಪು

ಕ್ಲಿನಿಕ್ ನಾಗ: (ಫಾರ್ವರ್ಡ್) “ನಾಯಿ, ಬೆಕ್ಕಿಗೂ ಟಿಬಿ ಲಸಿಕೆ ಬಿಸಿಜಿ ಹಾಕಿಸಿ. 30 ದಿನದ ಮೇಲೆ ಆ್ಯಂಟಿಬಾಡಿ ಟೈಟರ್ (ರಕ್ತದಲ್ಲಿನ ಮಟ್ಟ) ಏರಿದ್ದರೆ ಟಿಬಿ ಭಯ ಇಲ್ಲ.” ಹೌದಾ ಇದು?

ಮೈಕ್ರೊ ಶೋಭಾ: ನಾಗ, ಕ್ಲೈಂಟ್‌ಗಳಿಗೆ ಕಳಿಸಬೇಡ. ನಾಯಿ ಬೆಕ್ಕಿಗೆ ಅಂತ ಲೈಸೆನ್ಸ್ ಆದ ಟಿಬಿ ಲಸಿಕೆನೇ ಇಲ್ಲ.

ಸರ್ಜರಿ ಗೌಡ: ಲೈಸೆನ್ಸ್ ಮಾತು ಬಿಡಮ್ಮ. ರೇಬೀಸ್‌ಗೆ ಆ್ಯಂಟಿಬಾಡಿ ಮಿ.ಲೀ.ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಬಂದ್ರೆ ನಾಯಿನ ವಿಮಾನ ಹತ್ತಿಸ್ತೀವಿ. ಟಿಬಿಗ್ಯಾಕೆ ಆ ಲೆಕ್ಕ ನಡೆಯಲ್ಲ?

ಮೈಕ್ರೊ ಶೋಭಾ: ರೇಬೀಸ್ ವೈರಸ್ಸನ್ನ ಆ್ಯಂಟಿಬಾಡಿನೇ ತಡೆಯತ್ತೆ. ಟಿಬಿ ಬ್ಯಾಸಿಲಸ್ ಮ್ಯಾಕ್ರೊಫೇಜ್ (ರೋಗಾಣು ನುಂಗೋ ರಕ್ಷಣಾ ಕಣ) ಒಳಗೇ ಸಂಸಾರ ಹೂಡತ್ತೆ ಗೌಡ್ರೇ, ಅಲ್ಲಿ ಕೆಲಸ ಮಾಡೋದು ಟಿ ಸೆಲ್ಲು ಅನ್ನೋ ಬಿಳಿ ರಕ್ತಕಣ, ಅದು ಬಿಡೋ ಸಂಕೇತ ಪ್ರೋಟೀನ್ ಇಂಟರ್‌ಫೆರಾನ್ ಗಾಮಾ. ಹಸುಗಳಲ್ಲಂತೂ ರೋಗ ಬಲಿತಷ್ಟೂ ಟೈಟರ್ ಜಾಸ್ತಿ ಸಿಗೋದು.

ಕ್ಲಿನಿಕ್ ನಾಗ: ಲಸಿಕೆ ಹಿಡಿದಿದೆ ಅಂತಾದ್ರೂ ತಿಳಿಯತ್ತಲ್ಲ?

ಮೈಕ್ರೊ ಶೋಭಾ: ಅದಕ್ಕೂ ಚುಚ್ಚೋ ಮೊದಲಿನ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ದ್ರವ) ಬೇಕು. ಮೈನಸ್ 20 ಡಿಗ್ರಿಲಿಟ್ಟು, 4–6 ವಾರದ ಸೀರಂ ಜೊತೆ ಒಂದೇ ಎಲೈಸಾ (ಆ್ಯಂಟಿಬಾಡಿ ಅಳೆಯೋ ಟೆಸ್ಟ್) ಪ್ಲೇಟಲ್ಲಿ ಹಾಕು. ಬೇರೆ ಬೇರೆ ದಿನ ಮಾಡಿದ್ರೆ ಪ್ಲೇಟಿನ ವ್ಯತ್ಯಾಸವನ್ನೇ ಟೈಟರ್ ಅನ್ಕೋತೀಯ. ಆ್ಯಂಟಿಬಾಡಿಗೆ ಅಂಟಿ ಬಣ್ಣ ತೋರಿಸೋ ಕಾಂಜುಗೇಟ್‌ಗೆ ಪ್ರೋಟೀನ್ ಎ ಸಾಕು, ನಾಯಿ ಬೆಕ್ಕು ಎರಡರ ಐಜಿಜಿ ಆ್ಯಂಟಿಬಾಡಿಗೂ ಅಂಟತ್ತೆ. ಪ್ಲೇಟಿಗೆ ಮೊದಲು ಬಳಿಯೋ ಕೋಟಿಂಗ್‌ಗೆ ಪಿಪಿಡಿ (ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ಮಿಶ್ರಣ) ಮಾತ್ರ ಬೇಡ, ಮಣ್ಣು ನೀರಿನ ಮೈಕೊಬ್ಯಾಕ್ಟೀರಿಯಾ ಸೋಕಿದ್ರೂ ಪಾಸಿಟಿವ್ ತೋರಿಸಬಹುದು.

ಸರ್ಜರಿ ಗೌಡ: ಸರಿ, ಹಸುವಿನ ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ಎಂಪಿಬಿ83 ಹಾಕಿ.

ಮೈಕ್ರೊ ಶೋಭಾ: ಎಡವಟ್ಟು ಅಲ್ಲೇ! ಬಿಸಿಜಿಯ ರಷ್ಯನ್, ಟೋಕಿಯೊ ತಳಿಗಳು ಅದನ್ನ ಯಥೇಚ್ಛ ಮಾಡ್ತವೆ, ಡ್ಯಾನಿಶ್ 1331, ಪಾಶ್ಚರ್ ತೀರಾ ಕಮ್ಮಿ. ವಯಲ್ ಮೇಲಿನ ತಳಿ ಬರೆದಿಡದಿದ್ರೆ ಟೈಟರ್‌ಗೆ ಅರ್ಥನೇ ಇಲ್ಲ. ಮುಂದೆ ಅದೇ ನಾಯಿಗೆ ನಿಜವಾಗಿ ಟಿಬಿ ತಗುಲಿದ್ರೆ, ಸೀರಂ ಪರೀಕ್ಷೆಲಿ ಲಸಿಕೆ ಯಾವುದು ಸೋಂಕು ಯಾವುದು ಅಂತ ತಲೆ ಕೆಡಿಸ್ಕೋಬೇಕು. ಆಗ ಈಸ್ಯಾಟ್-6, ಸಿಎಫ್‌ಪಿ-10 ಅನ್ನೋ ಟಿಬಿ ಪ್ರೋಟೀನ್ ನೋಡು, ಬಿಸಿಜಿಲಿ ಆರ್‌ಡಿ1 ಅನ್ನೋ ಜೀನ್ ಭಾಗ ಇಲ್ಲ, ಅವೆರಡೂ ಇರಲ್ಲ.

ಕ್ಲಿನಿಕ್ ನಾಗ: ಮಾಲೀಕರ ಕಫ ಪಾಸಿಟಿವ್ ಇದ್ರೆ ಮನೆ ನಾಯಿಗೇನು ಮಾಡೋದು ಮತ್ತೆ?

ಸರ್ಜರಿ ಗೌಡ: ಎದೆ ಎಕ್ಸ್‌ರೇ. ಕೆಮ್ಮಿದ್ರೆ ಶ್ವಾಸನಾಳ ತೊಳೆದ ದ್ರವ ತೆಗೆದು ಪಿಸಿಆರ್, ಕಲ್ಚರ್. ಎನ್95 ಮರೀಬೇಡ. ಕಲ್ಚರ್‌ಗೆ 8 ವಾರ ಕಾಯೋ ತಾಳ್ಮೆ ಇರ್ಲಿ. ಚರ್ಮಕ್ಕೆ ಟ್ಯೂಬರ್‌ಕುಲಿನ್ನೂ ಚುಚ್ಚಿ ನೋಡಬಹುದು.

ಮೈಕ್ರೊ ಶೋಭಾ: ಚರ್ಮದ ಟೆಸ್ಟ್ ಬೆಕ್ಕಲ್ಲಿ ನಂಬಂಗಿಲ್ಲ, ನಾಯಿಲೂ ಅಷ್ಟಕ್ಕಷ್ಟೆ. ಗಾಮಾ ಟೆಸ್ಟ್ (ರಕ್ತದ ಇಂಟರ್‌ಫೆರಾನ್ ಗಾಮಾ ಅಳೆಯೋದು) ಮಾಡಿಸೋದಾದ್ರೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು, ನೇರಳೆ ಇಡಿಟಿಎ ಅಲ್ಲ. ಫ್ರಿಜ್ಜಿಗೆ ಇಟ್ರೆ ಕೆಟ್ಟಂಗೆ, ಲಿಂಫೊಸೈಟ್ (ಟಿ ಸೆಲ್ ಗುಂಪಿನ ಕಣ) ಜೀವಂತ ಇರಬೇಕು. 24 ಗಂಟೆ ಒಳಗೆ ಲ್ಯಾಬ್ ಸೇರಲಿ.

ಸರ್ಜರಿ ಗೌಡ: ಹಸುವಿನ ಗಾಮಾ ಕಿಟ್ ಡಿಪಾರ್ಟ್‌ಮೆಂಟಲ್ಲೇ ಇರತ್ತಲ್ಲ?

ಮೈಕ್ರೊ ಶೋಭಾ: ನಾಯಿ, ಬೆಕ್ಕಿನ ಗಾಮಾನ ಅದು ಹಿಡಿಯಲ್ಲ. ಆಯಾ ಪ್ರಾಣಿದೇ ಕಿಟ್ ಬೇಕು. ನಾಗ, ಕಿಟ್ ಇರೋ ಲ್ಯಾಬಿಗೆ ಫೋನ್ ಮಾಡಿ ಖಾತ್ರಿ ಮಾಡ್ಕೊಂಡು ಆಮೇಲೆ ರಕ್ತ ತೆಗಿ.