ಎಇಎಸ್-256 ಬಿಟ್ಟು 128ಕ್ಕೆ ಇಳಿದರೆ ರೂಟರ್ ಚುರುಕಾಗುವುದೆ?

ಪ್ರಶ್ನೆ:
ಮನೆಯ ಎಲ್ಲ ಸಾಧನಗಳಿಗೂ ಅನ್ವಯವಾಗಲೆಂದು ರೂಟರಿನಲ್ಲಿಯೇ ಓಪನ್‌ವಿಪಿಎನ್ (ಇಂಟರ್ನೆಟ್ ಸಂಚಾರವನ್ನು ಗೂಢಲಿಪಿಯಲ್ಲಿ ಸಾಗಿಸುವ ತಂತ್ರಾಂಶ) ಹಾಕಿದ್ದೇನೆ. 200 ಎಂಬಿಪಿಎಸ್ ಸಂಪರ್ಕವಿದ್ದರೂ ವಿಪಿಎನ್ ಚಾಲೂ ಮಾಡಿದೊಡನೆ ವೇಗ 22ಕ್ಕೆ ಕುಸಿಯುತ್ತದೆ. ಈಗಿರುವ ಸೈಫರ್ (ಗೂಢಲಿಪಿ ವಿಧಾನ) ಎಇಎಸ್-256-ಸಿಬಿಸಿ, ಅಂದರೆ ಸಿಬಿಸಿ ಎಂಬ ಕ್ರಮದಲ್ಲಿ ಬಳಸುವ 256 ಬಿಟ್ ಕೀಲಿಯ ಎಇಎಸ್. ಸಿಪಿಯು ಬಳಕೆ ತೋರಿಸುವ ಟಾಪ್ ಆಜ್ಞೆ ಕೊಟ್ಟು ನೋಡಿದರೆ ಓಪನ್‌ವಿಪಿಎನ್ 49 ಪ್ರತಿಶತದ ಆಸುಪಾಸಿನಲ್ಲಿದ್ದು, ಸಿಪಿಯು ಅರ್ಧದಷ್ಟು ಬಿಡುವಾಗಿಯೇ ಇದೆ. ಕೀಲಿಯನ್ನು 128 ಬಿಟ್‌ಗೆ ಇಳಿಸಿದರೆ ವೇಗ ಮರಳೀತೆ? ಸುರಕ್ಷತೆಗೆ ಧಕ್ಕೆಯಾದೀತೆ?

ಉತ್ತರ 1:
ಧಕ್ಕೆಯಿಲ್ಲ, ಆದರೆ ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಎಇಎಸ್-128ರಲ್ಲಿ ಪ್ರತಿ ಬ್ಲಾಕ್ (ದತ್ತಾಂಶದ ತುಣುಕು) 10 ಸುತ್ತುಗಳನ್ನು ಹಾದುಹೋದರೆ 256ರಲ್ಲಿ 14 ಸುತ್ತುಗಳನ್ನು ಹಾದುಹೋಗುತ್ತದೆ. ಉಳಿಯುವುದು ಆ ನಾಲ್ಕು ಸುತ್ತುಗಳ ಶ್ರಮವಷ್ಟೆ. 22 ಇದ್ದದ್ದು ಅದರಿಂದ 200 ಆಗುವುದಿಲ್ಲ. ಸಿಬಿಸಿಯಲ್ಲಿ ಪ್ರತಿ ಪ್ಯಾಕೆಟ್ಟಿನ ದೃಢೀಕರಣಕ್ಕಾಗಿ ಎಚ್‌ಮ್ಯಾಕ್ ಎಂಬ ಗುರುತನ್ನು ಬೇರೆಯಾಗಿ ಲೆಕ್ಕ ಹಾಕಬೇಕಾಗುವುದರಿಂದ, ಕೀಲಿಯ ಉದ್ದಕ್ಕಿಂತ ಮೊದಲು ಸಿಬಿಸಿಯನ್ನೇ ಬಿಡುವುದು ಒಳ್ಳೆಯದು.

ಉತ್ತರ 2:
ನಿಮ್ಮ ರೂಟರಿನಲ್ಲಿರುವುದು ಎರಡು ಕೋರ್‌ಗಳೆಂದು ಊಹಿಸುತ್ತೇನೆ. ಹಾಗಿದ್ದಲ್ಲಿ ಆ 49 ಪ್ರತಿಶತ ಬಿಡುವಿನ ಲಕ್ಷಣವಲ್ಲ. ಒಂದು ಕೋರ್ ಪೂರ್ತಿ ಸೋತು ಇನ್ನೊಂದು ಸುಮ್ಮನೆ ಕುಳಿತಿದೆ ಎಂದರ್ಥ. ಸಾಮಾನ್ಯ ಓಪನ್‌ವಿಪಿಎನ್ ಒಂದೇ ಥ್ರೆಡ್‌ನಲ್ಲಿ (ಒಂದು ಸಲಕ್ಕೆ ಒಂದೇ ಕೋರ್ ಬಳಸಿ), ಅದೂ ಕರ್ನಲ್‌ನ (ಕಾರ್ಯಾಚರಣ ವ್ಯವಸ್ಥೆಯ ತಿರುಳಿನ) ಹೊರಗೆ ಓಡುವುದರಿಂದ ಪ್ರತಿ ಪ್ಯಾಕೆಟ್ಟೂ ಕರ್ನಲ್‌ನಿಂದ ಹೊರಬಂದು, ಗೂಢಲಿಪಿಗೆ ತಿರುಗಿ, ಮತ್ತೆ ಒಳಹೋಗಬೇಕು. ಈ ಓಡಾಟದ ವೆಚ್ಚ ಯಾವ ಕೀಲಿ ಹಾಕಿದರೂ ತಪ್ಪುವುದಿಲ್ಲ. ಸರ್ವರ್ ನಿಮ್ಮ ಕೈಯಲ್ಲಿದ್ದರೆ ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್‌ಗೆ ಬದಲಾಯಿಸಿ. 2020ರಲ್ಲಿ ಲಿನಕ್ಸ್ 5.6ರೊಂದಿಗೆ ಕರ್ನಲ್‌ನೊಳಗೇ ಸೇರಿದ ಅದು ಬಳಸುವ ಚಾಚಾ20 ಎಂಬ ಸೈಫರ್, ಕೂಡುವುದು, ಎಕ್ಸ್‌ಆರ್ ಮಾಡುವುದು, ಬಿಟ್‌ಗಳನ್ನು ತಿರುಗಿಸುವುದು ಇವಿಷ್ಟರಿಂದಲೇ ನಡೆಯುತ್ತದೆ; ಆದ್ದರಿಂದ ಎಇಎಸ್‌ಗೆಂದೇ ಮೀಸಲಾದ ಸೂಚನೆಗಳಿಲ್ಲದ ಅಗ್ಗದ ಪ್ರೊಸೆಸರಿಗೂ ಅದು ಹಗುರ. ಕೀಲಿ ಅಲ್ಲಿಯೂ 256 ಬಿಟ್‌ನದೇ.

ಪ್ರಶ್ನೆ ಕೇಳಿದವರು:
ಹೌದು, ಎರಡೇ ಕೋರ್. ವೈರ್‌ಗಾರ್ಡ್ ಹಾಕಿದ ಮೇಲೆ ವೇಗ 90ರ ಸಮೀಪಕ್ಕೆ ಬಂದಿದೆ. ಆದರೆ ಕೆಲವು ತಾಣಗಳು ಅರ್ಧ ತೆರೆದು ನಿಂತುಬಿಡುತ್ತವೆ. ವೈಫೈಯ ಎನ್‌ಕ್ರಿಪ್ಷನ್ ಅನ್ನೂ ಹಗುರಗೊಳಿಸಬೇಕೆ?

ಉತ್ತರ 3:
ದಯವಿಟ್ಟು ವೈಫೈಯನ್ನು ಮುಟ್ಟಬೇಡಿ. ವೈಫೈಯ ಸುರಕ್ಷತಾ ಮಾನದಂಡವಾದ ಡಬ್ಲ್ಯೂಪಿಎ2ರ ಎಇಎಸ್ ಕೆಲಸವನ್ನು ಸಾಮಾನ್ಯವಾಗಿ ವೈಫೈ ಚಿಪ್ಪೇ ಮಾಡುವುದರಿಂದ ಸಿಪಿಯುವಿಗೆ ಅದರ ಭಾರವಿರುವುದಿಲ್ಲ. ಟಿಕೆಐಪಿ ಎಂಬ ಹಳೆಯ ವೈಫೈ ಎನ್‌ಕ್ರಿಪ್ಷನ್‌ಗೆ ಇಳಿದರೆ ಸುರಕ್ಷತೆ ಕುಂದುವುದರ ಜೊತೆಗೆ ವೇಗವೂ 54 ಎಂಬಿಪಿಎಸ್‌ಗೆ ಸೀಮಿತವಾಗುತ್ತದೆ. ಅರ್ಧಕ್ಕೆ ನಿಲ್ಲುವುದು ಬಹುಶಃ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ದೋಷ. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್ಟಿಗೆ ಐಪಿವಿ6ರ ಮೇಲಾದರೆ 80 ಬೈಟ್ ಸೇರಿಸುತ್ತದೆ, ಅದಕ್ಕಾಗಿಯೇ 1500ರ ಬದಲು 1420 ಎಂದಿರುತ್ತದೆ. ನಿಮ್ಮದು ಪಿಪಿಪಿಒಇ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಸಂಪರ್ಕವಾದರೆ ಇನ್ನೂ 8 ಕಳೆದು 1412 ಎಂದು ನಮೂದಿಸಿ ನೋಡಿ.

ಪ್ರಶ್ನೆ ಕೇಳಿದವರು:
ಪಿಪಿಪಿಒಇಯೇ ಆಗಿತ್ತು. 1412 ಎಂದು ಬದಲಿಸಿದ ಮೇಲೆ ಆ ತಾಣಗಳೆಲ್ಲ ಪೂರ್ತಿ ತೆರೆಯುತ್ತಿವೆ.